ಒಂದು ದಿನ ನೀರು ಬೀಳಬಾರದು

ಕೊನೆಯ ಬಿಲ್ಲೆಯ ಹಿಂದಿನ ಕಾಗದ ಸುಲಿದು, ಬಚ್ಚಲಿನ ಮೂಲೆಗೆ ಒತ್ತಿ, ನೊರ್ಬರ್ಟ್ ಮಾಸ್ತರರು ಕುಕ್ಕರಗಾಲಿನಲ್ಲಿ ಕೂತೇ ಅದರ ಮೇಲೆ ಎರಡು ಸಲ ಗುದ್ದಿದರು. ಹಡಗಿನಲ್ಲಿ ಕೆಲಸಕ್ಕಿದ್ದ ಹೆಂಡತಿಯ ಅಣ್ಣ ಸಿಪ್ರಿಯನ್ ತಂದುಕೊಟ್ಟ, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಬಿಲ್ಲೆಗಳು. ಸಿಮೆಂಟು ಬೇಡ, ಗಾರೆಯವನು ಬೇಡ. ಅಂಟು ಅವುಗಳ ಬೆನ್ನಲ್ಲೇ ಇತ್ತು. ಕಂಕನಾಡಿಯಲ್ಲಿ ಇಂಥದ್ದು ಇನ್ನೊಂದು ಮನೆಯಲ್ಲಿದ್ದರೆ ತೋರಿಸಲಿ ಎಂದು ಮಾಸ್ತರರು ಬೆಳಗಿನಿಂದ ಮೂರು ಜನರಿಗೆ ಹೇಳಿಯಾಗಿತ್ತು.

ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನೂ ಅವರು ಓದಿದ್ದರು. ನೆಲದಲ್ಲಿ ಎಣ್ಣೆಯ ಪಸೆ ಇರಬಾರದು. ಹಾಸಿದ ಮೇಲೆ ಒಂದು ಇಡೀ ದಿನ ನೀರು ಬೀಳಬಾರದು. ಬಾಣಂತಿಯ ಎಣ್ಣೆ ಕುಡಿದ ನೆಲವನ್ನು ಅವರು ಚಿಂದಿಯಿಂದ ಒರೆಸಿದ್ದರು, ಅಷ್ಟೇ.

ಹತ್ತು ಗಂಟೆಗೆ ದೇಯಿ ಬಂದಳು. ಮಾಸ್ತರರ ಹೆಂಡತಿ ಆನಿ ಹೆತ್ತು ಹನ್ನೆರಡು ದಿನ. ಅವಳಿಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹೊಯ್ದು ಮೀಯಿಸುವುದು ದೇಯಿಯ ಕೆಲಸ. ಆ ಓಣಿಯ ತಾಯಂದಿರಲ್ಲಿ ಅರ್ಧದಷ್ಟು ಜನ ಅವಳ ಕೈಯಲ್ಲೇ ಮಿಂದವರು.

"ಇದೆಂತ ಮಾಸ್ಟ್ರೇ, ಇದರಲ್ಲಿ ಕಾಲೇ ನಿಲ್ಲುದಿಲ್ಲ," ಎಂದಳು ದೇಯಿ. "ಇವತ್ತೊಂದು ದಿನ ಬಾವಿಕಟ್ಟೆಯ ಹತ್ತಿರ ಮರೆ ಕಟ್ಟಿ ಮೀಯಿಸ್ಲಾ?"

"ಫಾರಿನ್ ಸಾಮಾನು ಮಾರಾಯ್ತಿ. ನಿನಗೆಂತ ಗೊತ್ತುಂಟು? ಸುಮ್ಮನೆ ನೀರು ಹೊಯ್ಯಿ."

ಹೇಳಿದ ಮೇಲೆ ಪೆಟ್ಟಿಗೆಯ ಅಕ್ಷರಗಳು ಅವರಿಗೆ ನೆನಪಾದವು. ಕರೆದು ಬೇಡ ಎನ್ನಬಹುದಿತ್ತು. ಆದರೆ ಮೀಯಿಸಲು ಬಂದವಳೆದುರು ಆಡಿದ ಮಾತು ಹಿಂದೆ ತೆಗೆಯುವುದುಂಟೇ? ಮಾಸ್ತರರು ದೊಡ್ಡ ಮನುಷ್ಯರಂತೆ ಚಾವಡಿಗೆ ಹೋಗಿ ಪೇಪರು ಬಿಡಿಸಿದರು.

ಮೊದಲು ಕೊಡಪಾನ ಬಿದ್ದ ಸದ್ದು, ಅದರ ಬೆನ್ನಿಗೇ ಕೂಗು. ಮಾಸ್ತರರು ಓಡಿಹೋಗಿ ನೋಡಿದರೆ ಎರಡು ಬಿಲ್ಲೆಗಳು ಕಿತ್ತುಬಂದು ಗೋಡೆಯ ಬುಡಕ್ಕೆ ಜಾರಿದ್ದವು. ಆನಿ ಮಣೆಯ ಮೇಲೆ ಕೂತೇ ಇದ್ದಳು. ಅವಳಿಗೆ ಹನಿಯೂ ತಾಗಿರಲಿಲ್ಲ. ಬೀಳುವಾಗ ದೇಯಿ ಕೊಡಪಾನವನ್ನು ತನ್ನ ಕಡೆಗೇ ತಿರುಗಿಸಿಕೊಂಡಿದ್ದಳು. ಸೊಂಟದಿಂದ ಪಾದದವರೆಗೆ ಅವಳ ಮೈ ಬೆಂದುಹೋಗಿತ್ತು.

"ಎಂತಾಯ್ತು ಮಾಸ್ಟ್ರೇ?" ಪಕ್ಕದ ಮನೆಯ ವಿಲ್ಲಿ ಓಡಿಬಂದು ಕೇಳಿದ.

"ವಯಸ್ಸಾಯ್ತಲ್ಲ ಅವಳಿಗೆ. ಕೈ ನಡುಗಿತು, ಬಿದ್ದಳು," ಎಂದರು ಮಾಸ್ತರರು.

ಮೂರನೆಯ ದಿನ ಅವರು ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಸತ್ಯ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ಅವರನ್ನು ಕಂಡದ್ದೇ ದೇಯಿ ಏಳಲು ನೋಡಿದಳು, ಆಗಲಿಲ್ಲ.

"ಇನ್ನು ಈ ಕೆಲಸ ನನ್ನಿಂದಾಗ್ಲಿಕ್ಕಿಲ್ಲ ಮಾಸ್ಟ್ರೇ," ಎಂದಳು. "ನಲ್ವತ್ತು ವರ್ಷದಲ್ಲಿ ಒಂದು ಚೊಂಬು ಬೀಳಿಸಿದವಳಲ್ಲ. ಕೈ ನಡುಗ್ತದೆ ಅಂತ ಎಲ್ಲರೂ ಹೇಳ್ತಾರೆ, ನನಗೇ ಗೊತ್ತಾಗ್ಲಿಲ್ಲ ನೋಡಿ. ಆನಿ ಬಾಯಮ್ಮನ ಮೈಮೇಲೆ ಬಿದ್ದಿದ್ದರೆ ನಾನು ಎಂತ ಮಾಡ್ಬೇಕಿತ್ತು? ನೀವು ಮನಸ್ಸಲ್ಲಿ ಇಟ್ಕೊಳ್ಬೇಡಿ."

ಮಾಸ್ತರರು ಬಾಯಿ ತೆರೆದರು. ಪಕ್ಕದ ಮಂಚದವರು ಇತ್ತಲೇ ನೋಡುತ್ತಿದ್ದರು.

"ಇರ್ಲಿ ಬಿಡು," ಎಂದರು.

ದೇಯಿಯ ಮುಖ ಸಡಿಲವಾಯಿತು. ಅವಳು ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಅವರು ಬಿಡಿಸಿಕೊಳ್ಳಲಿಲ್ಲ.