ಕುಡಿಯದ ಜಂಪಣ್ಣನ ಲಿವರು

ಕೇಳ್ರಪ್ಪಾ, ಇದು ನಡೆದ ಕಥೆ. ಸಾರು ಜಂಪಣ್ಣಂದು, ಒಗ್ಗರಣೆ ಮಾತ್ರ ನಂದು.

ಬಸವಾಪಟ್ಟಣದ ಅಡಿಕೆ ವ್ಯಾಪಾರಿ ಜಂಪಣ್ಣ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಮಿರ್ಚಿ, ಮಂಡಕ್ಕಿ ಕಂಡು ಬಿಟ್ಟವನೂ ಅಲ್ಲ. ಅವನ ಹೊಟ್ಟೆ ಅಂಗಿಯ ಗುಂಡಿಗಳನ್ನು ದಿನಾ ಸತ್ಯಪರೀಕ್ಷೆಗೆ ಒಡ್ಡುತ್ತಿತ್ತು. ಉಂಡು ಮಲಗಿದರೆ ಸಾಕು, ಎದೆಯುರಿ, ಹುಳಿತೇಗು. ಚನ್ನಗಿರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರಮ್ಮ ಮೂಗಿನಲ್ಲೇ, "ಲಿವರಿನಲ್ಲಿ ಕೊಬ್ಬು ಸೇರಿದೆ, ತೂಕ ಇಳಿಸಿ" ಅಂದರು.

ಅವನ ಕಿವಿಗೆ ಬಿದ್ದದ್ದು ಲಿವರು ಒಂದೇ. ಊರವರು ಏನಂತಾರೆ? ಕದ್ದು ಕುಡೀತಾನೆ ಅಂತಾರೆ! ಹೆಂಡತಿ ಕಸ್ತೂರಮ್ಮ ನಂಬುತ್ತಾಳಾ? ಬಾಯಿ ಹೊಲಿದುಕೊಂಡು ಕೂತ. ಅವಳು ಬಡಿಸಿದ ತುಪ್ಪ, ಹೋಳಿಗೆ ಬೇಡ ಅನ್ನಲಾರದೆ ತಿಂದ. ಉರಿ ಹೆಚ್ಚಿತು. ಕಡೆಗೆ, ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾದಿನಿ ಅರುಣಾಳ ಹತ್ತಿರ ಬಾಯಿ ಬಿಟ್ಟ. "ನಿಮ್ಮಕ್ಕಂಗೆ ಮಾತ್ರ ಹೇಳಬ್ಯಾಡ ನೋಡಮ್ಮ."

"ನಾನ್ಯಾಕೆ ಹೇಳ್ಲಿ ಭಾವ?"

ಸಂಜೆ ಹೊಸ ನಂಬರಿನಿಂದ ಫೋನು. ಮೂಗಿನಲ್ಲೇ ಮಾತಾಡುವ ಅದೇ ಡಾಕ್ಟರಮ್ಮ! "ಜಂಪಣ್ಣನವರೇ, ಸ್ಪೀಕರ್ ಹಾಕಿ. ಮನೆಯವರನ್ನ ಕರೀರಿ. ಲಿವರ್ ವಿಷಯ ನೀವೇ ಹೇಳಿ."

ಜಂಪಣ್ಣ ಸ್ಪೀಕರ್ ಒತ್ತಿ ಹೆಂಡತಿಯನ್ನು ಕರೆದ. "ಕಸ್ತೂರಿ... ಲಿವರಾಗೆ ಕೊಬ್ಬು ಐತಂತೆ. ನಿನ್ನಾಣೆಗೂ ನಾನು ಕುಡಿಯಲ್ಲ!"

"ಕುಡಿಯಾಕೆ ನಿಮಗೆ ಪುರುಸೊತ್ತೆಲ್ಲೈತ್ರೀ? ತಿನ್ನೋದ್ರಾಗೇ ಹೊತ್ತು ಮುಳುಗ್ತೈತೆ!" ಅಂದಳು ಕಸ್ತೂರಮ್ಮ. ಆಮೇಲೆ ಫೋನಿಗೆ ಬಗ್ಗಿ, "ಕುಡೀದೋರಿಗೂ ಹಿಂಗಾಗ್ತೈತಾ ಡಾಕ್ಟ್ರೇ?"

"ಆಗುತ್ತಮ್ಮ. ಮೈತೂಕ ಹೆಚ್ಚಾದ್ರೆ ಲಿವರಲ್ಲೂ ಕೊಬ್ಬು ಸೇರಬಹುದು. ಬೊಜ್ಜು ಜಠರವನ್ನ ಅಮುಕಿದಾಗ ಹುಳಿ ಮೇಲಕ್ಕೆ ನುಗ್ಗುತ್ತೆ, ಎದೆ ಉರಿಯುತ್ತೆ. ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ಹೆದರಬೇಡಿ, ನಿಧಾನಕ್ಕೆ ತೂಕ ಇಳಿಸಿದ್ರೆ ಲಿವರ್ ಸುಧಾರಿಸುತ್ತೆ. ಕರಿದದ್ದು, ಸಿಹಿ ಕಡಿಮೆ ಮಾಡಿ. ರಾತ್ರಿ ಬೇಗ ಉಣ್ಣಿ, ಉಂಡ ಕೂಡಲೇ ಮಲಗಬೇಡಿ. ದಿನಾ ನಡೀರಿ."

"ಅಯ್ಯೋ, ಪ್ರೀತಿ ಅಂತ ತುಪ್ಪ ಸುರುವಿದ್ನಲ್ರೀ! ಮೊದಲೇ ಹೇಳಬಾರದಾಗಿತ್ತಾ? ನಾಳೆಯಿಂದ ಇಬ್ರೂ ನಡಿಯಾಕೆ ಹೋಗಣ."

ಜಂಪಣ್ಣನ ಕಣ್ಣು ತುಂಬಿತು. ಎದ್ದು ನಿಂತು ಫೋನಿಗೇ ಕೈ ಮುಗಿದ. "ನಿಮ್ಮ ಉಪಕಾರ ಮರೆಯಲ್ಲ ತಾಯಿ. ಮನಸಿನ ಮ್ಯಾಲಿನ ಮೂಟೆ ಇಳಿಸಿದ್ರಿ."

"ಹಂಗಾದ್ರೆ ಫೀಸಿಗೊಂದು ಸೀರೆ ಕೊಡ್ಸಿ ಭಾವ!" ಕದ ತಳ್ಳಿಕೊಂಡು ಬಂದಳು ಅರುಣಾ. ಫೋನು ಕಿವಿಯಲ್ಲಿ, ಮಾತು ಇನ್ನೂ ಮೂಗಿನಲ್ಲಿ. "ನಾಳೆ ಇಬ್ರೂ ನಿಜವಾದ ಡಾಕ್ಟ್ರ ಹತ್ರ ಬನ್ನಿ, ಅವರೂ ಇದನ್ನೇ ಹೇಳ್ತಾರೆ."

ನಿಮಗೂ ಪದೇ ಪದೇ ಎದೆಯುರಿ, ಹುಳಿತೇಗು ಇದ್ದರೆ ಸೋಡಾ ಕುಡಿದು ಸುಮ್ಮನಾಗಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ತೋರಿಸಿ, ತೂಕ ನೋಡಿಸಿ. ಮನೆಯವರಿಂದ ಮುಚ್ಚಿಡಬೇಡಿ, ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ನಂಬದಿದ್ದರೆ ಜಂಪಣ್ಣನನ್ನೇ ಕೇಳಿ. ಆವತ್ತು ಅಕ್ಕತಂಗಿಯರ ನಗು ಪಡಸಾಲೆಯಲ್ಲೇ ಉಳಿಯಿತು, ಅವನ ನಗು ಮಾತ್ರ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.