ಚೌಡವ್ವನ ಉಡಿಯಲ್ಲಿದ್ದ ಹೂ

ರಾಣೆಬೆನ್ನೂರಿನ ಹೊರಗೆ ಅಜ್ಜಪ್ಪನದೊಂದು ಬೀಜದ ತೋಟವಿದೆ. ನೆರಳುಪರದೆಯ ಕೆಳಗೆ ಸಾಲುಸಾಲು ಟೊಮೆಟೊ. ಹೆಂಗಸರು ಮಧ್ಯಾಹ್ನ ಎಳೆಯ ಮೊಗ್ಗಿನೊಳಗಿನ ಗಂಡುಭಾಗವನ್ನು ಚಿಮಟದಿಂದ ಕಿತ್ತು, ಕಾಯಿಯಾದ ಮೇಲೂ ಗುರುತು ಸಿಗಲೆಂದು ತೊಟ್ಟಿನ ಹಸಿರು ಎಸಳು ಕತ್ತರಿಸುತ್ತಾರೆ. ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಕಣ್ತಪ್ಪಿದ ಮೊಗ್ಗು ತಾನೇ ಅರಳಿ ಕಾಯಿಯಾದರೆ ಬೀಜ ಕೆಟ್ಟಂತೆ.

ಮದುವೆಯಾಗಿ ಬಂದ ಸಿಮ್ರಾನ ಹೋದ ವರ್ಷ ಈ ಕೆಲಸಕ್ಕೆ ಸೇರಿದಳು. ಕಲಿಸಿದವಳು ದೇವರಗುಡ್ಡದ ಚೌಡವ್ವ, ಐವತ್ತು ದಾಟಿದ ಹೆಂಗಸು. ಅವಳ ಬಾಯಿ ಬಲು ಒರಟು. ತಪ್ಪಿದರೆ ಕೈಗೆ ಚಟ್ಟನೆ ಹೊಡೆದು ತಿದ್ದುತ್ತಿದ್ದಳು. ಒಮ್ಮೆ ಎಲ್ಲರೆದುರು ಕುರುಡಿ ಎಂದು ಕರೆದು, ಹಾವೇರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಾ ಅಂದಳು. ಹೆಂಗಸರು ನಕ್ಕರು. ಸಿಮ್ರಾನ ಆ ನಗುವನ್ನು ಮರೆಯಲಿಲ್ಲ. ಪಕ್ಕದ ಸಾಲಿನ ಮಧು ಮಾತ್ರ ಅವಳನ್ನು ಸಮಾಧಾನ ಮಾಡಿದಳು. ಊಟಕ್ಕೆ ಜೊತೆಗೆ ಕೂತು, ಬಳೆ ಚಂದ ಅದಾವು ಅಂತ ಹೊಗಳುವ ಮಧುವೇ ಅವಳಿಗೆ ತನ್ನವಳೆನಿಸಿದಳು.

ಒಂದು ಬೆಳಗ್ಗೆ ಇಬ್ಬರೂ ಬೇಗ ಬಂದಾಗ ಚೌಡವ್ವ ಒಬ್ಬಳೇ ಸಿಮ್ರಾನಳ ಸಾಲಿನಲ್ಲಿದ್ದಳು. ಗಿಡಗಳಿಂದ ಹೂ ಚಿವುಟಿ ಚಿವುಟಿ ಉಡಿಗೆ ಹಾಕಿಕೊಳ್ಳುತ್ತಿದ್ದಳು.

"ನಿನ್ನ ಹೆಸರು ಕೆಡಸಾಕ ಮಾಡಾಕತ್ತಾಳ," ಮಧು ಪಿಸುಗುಟ್ಟಿದಳು. "ಲಗೂ ಹೋಗಿ ಅಜ್ಜಪ್ಪಗ ಹೇಳು."

ಸಿಮ್ರಾನ ಹೇಳಿಬಿಟ್ಟಳು. ಅಜ್ಜಪ್ಪ ಎಲ್ಲರ ಮುಂದೆ ಚೌಡವ್ವನನ್ನು ನಿಲ್ಲಿಸಿ, ಇನ್ನೊಬ್ಬರ ಸಾಲಿನಲ್ಲಿ ನಿನಗೇನು ಕೆಲಸ ಎಂದು ಗದರಿದ. ಚೌಡವ್ವ ಉಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಒಮ್ಮೆ ಸಿಮ್ರಾನಳ ಮುಖ ನೋಡಿದಳು. ಚಿಮಟವನ್ನು ಬದುವಿನ ಮೇಲಿಟ್ಟು ಹೊರಟುಹೋದಳು. ಮರುದಿನದಿಂದ ಬರಲಿಲ್ಲ. ಸಿಮ್ರಾನಳಿಗೆ ಆ ವಾರವೆಲ್ಲ ಗೆದ್ದ ಹಿಗ್ಗು.

ಮೂರು ವಾರ ಕಳೆದ ಮೇಲೆ ಕಂಪನಿಯವನು ಕಾಯಿ ನೋಡಲು ಬಂದ. ಎಸಳು ಕತ್ತರಿಸದ ಕಾಯಿಗಳು ಸಿಮ್ರಾನಳ ಸಾಲಿನಲ್ಲಿ ಹತ್ತಲ್ಲ, ಬುಟ್ಟಿ ತುಂಬ ಸಿಕ್ಕವು. ಇಷ್ಟು ತಿಂಗಳು ನಿನ್ನ ಸಾಲಿನಲ್ಲಿ ಒಂದೂ ಸಿಕ್ಕಿರಲಿಲ್ಲವಲ್ಲ, ಈಗೇನಾಯಿತು ಎಂದು ಅಜ್ಜಪ್ಪ ಕೇಳಿದ. ಸಿಮ್ರಾನ ಒಂದು ಕಾಯಿ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. ಎಸಳು ಮಸುಕುಮಸುಕಾಗಿ ಕಂಡಿತು. ಚೌಡವ್ವ ದಿನಾ ಬೇಗ ಬಂದು ಚಿವುಟುತ್ತಿದ್ದುದು ತಾನು ಕಾಣದೆ ಬಿಟ್ಟ ಹೂಗಳನ್ನೇ ಎಂಬುದು ಆಗ ತಿಳಿಯಿತು. ಮಧು ಅಂದು ಬುತ್ತಿ ಎತ್ತಿಕೊಂಡು ಬೇರೆಯವರ ಜೊತೆ ಕೂತಳು.

ಸಿಮ್ರಾನ ಅಜ್ಜಪ್ಪನ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಅವನು, ಹೋಗಿ ಚೌಡವ್ವನನ್ನು ಕರೆದುಕೊಂಡು ಬಾ ಎಂದ.

ಅವಳು ದೇವರಗುಡ್ಡಕ್ಕೆ ಹೋದಾಗ ಚೌಡವ್ವ ಕಟ್ಟೆಯ ಮೇಲೆ ಕೂತು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಈಗ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಬೆರಳುಗಳು ಕೆಂಪಗೆ ಊದಿದ್ದವು.

"ಯವ್ವಾ, ಆವತ್ತ ಖರೇ ಯಾಕ ಹೇಳಲಿಲ್ಲರಿ?"

"ಹೇಳಿದ್ರ ನಿನ್ನ ಕೆಲಸ ಹೋಗತಿತ್ತು. ಹೊಸದಾಗಿ ಬಂದ ಸೊಸಿ, ಮನ್ಯಾಗ ಏನಂತಾರೋ ಏನೋ ಅನಿಸ್ತು."

ಸಿಮ್ರಾನ ಅಳುತ್ತ ತಪ್ಪಾಯಿತು ಎಂದಳು. ಅಜ್ಜಪ್ಪ ಕರೆದಿದ್ದನ್ನು ಹೇಳಿದಳು, ತಾನೇ ಎಲ್ಲರ ಮುಂದೆ ನಿಜ ಹೇಳುತ್ತೇನೆಂದಳು. ಚೌಡವ್ವ ಒಳಗೆ ಹೋಗಿ ಚಹಾ ತಂದು ಮುಂದಿಟ್ಟಳು.

"ನನ್ನ ಮ್ಯಾಲ ಸಿಟ್ಟಿದ್ರ ನನಗ ಕೇಳಬೇಕಿತ್ತವಾ ನೀ. ಹದಿನಾರು ವರ್ಷ ದುಡಿದ ಜಾಗಾ ಅದು. ಅಲ್ಲಿ ಕಳ್ಳಿ ಹಂಗ ನಿಂತೇನಿ. ಮತ್ತ ಬರಾಕ ಕಾಲ ಏಳಂಗಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಿಮ್ರಾನ ಇನ್ನಷ್ಟು ಬೇಡಿಕೊಳ್ಳುತ್ತಿದ್ದಳೇನೋ. ಚಹಾ ಕುಡಿದು ಎದ್ದಳು. ಚೌಡವ್ವ ಓಣಿಯ ತುದಿಯವರೆಗೂ ಜೊತೆಗೆ ಬಂದು, ರಾಣೆಬೆನ್ನೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿ ತಿರುಗಿ ಹೋದಳು.