ತಿರುಗಿಸಿದ ಸೀಟು

ಅಕ್ಕನ ಬಲಗೈಗೆ ಪ್ಲಾಸ್ಟರ್ ಬಿದ್ದ ದಿನ ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ಸೈಕಲ್ಲಿಂದೇನೂ ತಪ್ಪಿಲ್ಲ. ನನ್ನ ತಮ್ಮನೇ ನೋಡಿಟ್ಟಿದ್ದ ಸೈಕಲ್ಲು ಅದು. ನನಗೇ ಓಡಿಸೋಕೆ ಬರಲಿಲ್ಲ."

ತಮ್ಮ ಒಳಗೆ ಟೀ ಸೋಸುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ, ಸೋಸಿದ ಟೀಯನ್ನೇ ಇನ್ನೊಮ್ಮೆ ಸೋಸಿದ.

ಅವನು ಊರ ಸೈಕಲ್ಲುಗಳ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್. ನಗರಸಭೆ ಬೀದಿಬೀದಿಗೆ ತಂದು ನಿಲ್ಲಿಸಿದ ಹಸಿರು ಸೈಕಲ್ಲುಗಳವು. ಯಾರು ಬೇಕಾದರೂ ಫೋನಿನಲ್ಲಿ ಬೀಗ ತೆರೆದು ಒಂದು ಸ್ಟ್ಯಾಂಡಿನಿಂದ ತುಳಿದುಕೊಂಡು ಹೋಗಿ ಇನ್ನೊಂದರಲ್ಲಿ ಬಿಡಬಹುದು. ಮೈಮೇಲೆ ಹಿಡಿ ಮಾಂಸವಿಲ್ಲದ ಇವನಿಗೆ ಶೆಡ್ಡಿನವರು ಚಕ್ರದ ಕಡ್ಡಿಯ ಹೆಸರನ್ನೇ ಕೊಟ್ಟಿದ್ದರು. ಕಡ್ಡಿ ಎಂದರೆ ತಿರುಗಿ ನೋಡುವಷ್ಟು ಅದು ಅವನಿಗೂ ಒಗ್ಗಿಹೋಗಿತ್ತು.

ಆ ಸೈಕಲ್ಲುಗಳಿಗೆ ತಮ್ಮದೇ ಒಂದು ಭಾಷೆಯಿತ್ತು. ಬ್ರೇಕ್ ಹಿಡಿಯದಿದ್ದರೆ, ಚೈನು ಕಳಚಿಕೊಳ್ಳುತ್ತಿದ್ದರೆ, ಇಳಿದು ಹೋಗುವವನು ಸೀಟನ್ನು ಹಿಂದುಮುಂದು ತಿರುಗಿಸಿಟ್ಟು ಹೋಗುತ್ತಿದ್ದ. ಇದನ್ನು ಮುಟ್ಟಬೇಡ ಮಾರಾಯ, ಎಂದು ಮುಂದೆ ಬರುವವನಿಗೆ ಹೇಳಿದ ಹಾಗೆ. ಫೋನಿನಲ್ಲಿ ದೂರು ಕೊಡುವ ಏರ್ಪಾಟೂ ಇತ್ತು, ಯಾರಿಗೆ ಪುರಸೊತ್ತು? ಸೀಟು ತಿರುಗಿಸಲು ಒಂದು ಗಳಿಗೆ ಸಾಕು. ಮುಖ ಗೊತ್ತಿಲ್ಲದವನು ಮುಖ ಗೊತ್ತಿಲ್ಲದವನಿಗೆ ಮಾಡುವ ಉಪಕಾರ. ವ್ಯಾನಿನ ಡ್ರೈವರ್ ಕೂಡ ಅದೇ ಗುರುತು ಹಿಡಿದು ಕೆಟ್ಟ ಸೈಕಲ್ಲುಗಳನ್ನು ಶೆಡ್ಡಿಗೆ ಹೇರಿಕೊಂಡು ಬರುತ್ತಿದ್ದ.

ಆ ಭಾಷೆಯಲ್ಲಿ ಮೊದಲ ಸುಳ್ಳು ಹೇಳಿದವನು ಕಡ್ಡಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹೇಳಿದ್ದು ಅಕ್ಕನಿಗೋಸ್ಕರ. ಅವಳ ಕೆಲಸ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ಮೊದಲ ಬಸ್ಸು ಹೊರಡುವ ಮುಂಚೆಯೇ ಅವಳು ಅಲ್ಲಿ ಹಾಸಿಗೆ ಬಟ್ಟೆಗಳ ಗುಡ್ಡದ ಮುಂದೆ ನಿಂತಿರಬೇಕು. ವರ್ಷಗಟ್ಟಲೆ ನಡೆದೇ ಹೋದಳು. "ಕತ್ತೆ ವಯಸ್ಸಾದ ಮೇಲೆ ಸೈಕಲ್ಲೇನೋ ನನಗೆ" ಎನ್ನುತ್ತಿದ್ದವಳನ್ನು ತರಕಾರಿ ಮಾರುಕಟ್ಟೆಯ ಹಿಂದಿನ ಬಯಲಿಗೆ ಎಳೆದುಕೊಂಡು ಹೋಗಿ ಇವನು ಕಲಿಸಿದ್ದ. ಖಾಲಿ ಬುಟ್ಟಿಗಳ ರಾಶಿಯ ಮೇಲೆ ಬಿದ್ದು, ಎದ್ದು, ಬುಟ್ಟಿಯವನ ಹತ್ತಿರ ಬೈಸಿಕೊಂಡು ಕಲಿತಳು. ಕಲಿತ ಮೇಲೆ ಅವಳ ಭುಜ ನೆಟ್ಟಗಾಯಿತು. ಬೆಳಗಿನ ನಿದ್ದೆಯೂ ಒಂದು ಚೂರು ಉದ್ದವಾಯಿತು.

ತೊಂದರೆಯೆಂದರೆ, ಅವಳು ಕೆಳಗಿಳಿಯುವಷ್ಟರಲ್ಲಿ ಒಳ್ಳೆಯ ಸೈಕಲ್ಲುಗಳು ಖಾಲಿ. ಅದಕ್ಕೇ ಕಡ್ಡಿ ದಿನಾ ಸಂಜೆ ಶೆಡ್ಡಿನಿಂದ ಬರುತ್ತ, ಮನೆ ಕೆಳಗಿನ ಸ್ಟ್ಯಾಂಡಿನಲ್ಲಿ ಗಟ್ಟಿಮುಟ್ಟಾದದ್ದೊಂದನ್ನು ಆರಿಸಿ, ಬ್ರೇಕ್ ಒತ್ತಿ, ಗಾಳಿ ನೋಡಿ, ಅದರ ಸೀಟು ತಿರುಗಿಸಿಡುತ್ತಿದ್ದ. ಕೆಟ್ಟದ್ದೆಂದು ಯಾರೂ ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಅಕ್ಕ ಸೀಟು ಸರಿ ಮಾಡಿಕೊಂಡು ಮಹಾರಾಣಿಯ ಹಾಗೆ ಹೊರಡುತ್ತಿದ್ದಳು.

ಕಣ್ಣಿದ್ದವರು ಕಂಡರು. ಮೂಲೆಯ ಔಷಧಿ ಅಂಗಡಿಯವನು ತನಗೊಂದು ತಿರುಗಿಸಿಟ್ಟುಕೊಂಡ. ಮಹಡಿಯ ಸಂಗೀತದ ಮೇಡಂ ಒಂದು ತಿರುಗಿಸಿದರು. ಪಕ್ಕದ ಬೀದಿಗೆ ಹೋಯಿತು, ಆಮೇಲೆ ಅದರ ಪಕ್ಕದ ಬೀದಿಗೆ. ಕೊನೆಗೆ ಯಾವ ಸ್ಟ್ಯಾಂಡ್ ನೋಡಿದರೂ ಅರ್ಧಕ್ಕರ್ಧ ಸೀಟುಗಳು ಬೆನ್ನು ತಿರುಗಿಸಿ ಕೂತಿದ್ದವು, ಮುನಿಸಿಕೊಂಡ ನೆಂಟರ ಹಾಗೆ.

ಅಕ್ಕ ಬೀಳುವ ಹಿಂದಿನ ಸಂಜೆ ಕಡ್ಡಿ ಗೆಳೆಯನ ಮನೆಯಲ್ಲಿ ಮ್ಯಾಚ್ ನೋಡುತ್ತ ಕೂತುಬಿಟ್ಟ. ಹಿಂದಿನ ಗಲ್ಲಿಯಿಂದ ಮನೆ ಸೇರಿದ. ಸ್ಟ್ಯಾಂಡ್ ನೆನಪಾಗಲಿಲ್ಲ. ಬೆಳಗ್ಗೆ ಅಕ್ಕ ಇಳಿದಾಗ ಅಲ್ಲಿ ತಿರುಗಿಸಿದ ಸೀಟು ಒಂದೇ ಒಂದು ಉಳಿದಿತ್ತು. ತಮ್ಮ ಇಟ್ಟದ್ದೆಂದುಕೊಂಡಳು. ಆಸ್ಪತ್ರೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಳು. ಎದುರಿಗೆ ಗೋಡೆಯಿತ್ತು.

ಮಾರನೆಯ ದಿನ ಆ ಸೈಕಲ್ ಶೆಡ್ಡಿಗೆ ಬಂತು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಕಡ್ಡಿ ಬ್ರೇಕಿನ ಹಿಡಿ ಒತ್ತಿದ. ಅದು ತಡೆಯಿಲ್ಲದೆ ಹ್ಯಾಂಡಲ್ಲಿಗೆ ಹೋಗಿ ತಾಗಿತು. ಒಳಗೆ ತಂತಿ ತುಂಡಾಗಿತ್ತು, ಹಿಂದಿನ ಬ್ರೇಕಿನ ರಬ್ಬರ್ ಸವೆದು ಹೋಗಿತ್ತು. ಹತ್ತುವ ಮುಂಚೆ ಒಮ್ಮೆ ಒತ್ತಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಒತ್ತಿರಲಿಲ್ಲ. ತಮ್ಮ ನೋಡಿಟ್ಟದ್ದನ್ನು ಯಾಕೆ ಒತ್ತಬೇಕು?

"ಇದರ ಸೀಟು ತಿರುಗಿತ್ತು ಮೇಸ್ತ್ರಿ" ಎಂದ ವ್ಯಾನಿನ ಡ್ರೈವರ್, ಜಗಳಕ್ಕೆ ಮೊದಲೇ ಸಿದ್ಧನಾಗಿ. "ಮೊನ್ನೆ ಸಂಜೆ ನಾನೇ ನೋಡ್ದೆ. ನೋಡಿ ಬಿಟ್ಟು ಬಂದೆ. ಏನ್ ಮಾಡ್ಲಿ? ಹೇರ್ಕೊಂಡು ಬಂದ್ರೆ, ಇದಕ್ಕೇನು ರೋಗ, ರೋಗ ನಿನ್ನ ಕಣ್ಣಿಗೆ ಅಂತ ನೀವೇ ಬೈತೀರಿ."

"ನಿನ್ನ ಬೈದು ಏನು ಬಂತು?" ಮೇಸ್ತ್ರಿ ಕೈ ಒರೆಸಿಕೊಂಡರು. "ಈ ಚಟ ಶುರು ಮಾಡಿದ ಮಹಾನುಭಾವ ಸಿಗಬೇಕು ನಂಗೆ. ಸೈಕಲ್ ಮೇಲೆ ಹಿಂದುಮುಂದಾಗಿ ಕೂರಿಸಿ ಊರೆಲ್ಲ ಮೆರವಣಿಗೆ ಮಾಡಿಸ್ತೀನಿ. ಅಲ್ವೇನೋ ಕಡ್ಡಿ?"

ಎಲ್ಲರೂ ನಕ್ಕರು. ಕಡ್ಡಿಯೂ ನಕ್ಕ. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಇವನ ಕೈ ಅಲ್ಲಾಡಲಿಲ್ಲ. ಅದರಲ್ಲಿ ತುಂಡಾದ ತಂತಿಯಿತ್ತು, ಬೆರಳಿಗೆ ಚುಚ್ಚುತ್ತಿತ್ತು.

ಮನೆಗೆ ಬಂದಾಗ ಅಕ್ಕ ಬಾಚಣಿಗೆಯ ಬಾಲವನ್ನು ಪ್ಲಾಸ್ಟರಿನೊಳಗೆ ತೂರಿಸಿ ತುರಿಸಿಕೊಳ್ಳುತ್ತಿದ್ದಳು. ಫೋನನ್ನು ಅವನತ್ತ ಚಾಚಿದಳು.

"ಆ ಸೈಕಲ್ದು ಇದೆಯಲ್ಲ, ಅದನ್ನ ಅಳಿಸಿಹಾಕು. ಎಡಗೈಲಿ ನಂಗೆ ಆಗ್ತಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ನೀನು ಅಷ್ಟು ನೋಡಿಟ್ರೂ ಬಿದ್ದೆ ಅಂದ್ರೆ ಅದು ನನ್ನ ಹಣೆಬರಹಕ್ಕೆ ಬಂದದ್ದಲ್ಲ ಬಿಡು. ಕೈ ಸರಿ ಹೋದ್ಮೇಲೆ ನಡ್ಕೊಂಡೇ ಹೋಗ್ತೀನಿ. ಕಾಲಾದ್ರೂ ಇದೆಯಲ್ಲ."

ಅವನು ಫೋನು ಹಿಡಿದು ನಿಂತ. ಹಸಿರು ಚಿತ್ರದ ಮೇಲೆ ಬೆರಳಿಟ್ಟ. 'ಅಳಿಸಬೇಕೆ?' ಎಂದು ಕೇಳಿತು ಫೋನು. ಹೂಂ ಎಂದರೆ ಮುಗಿಯಿತು. ಅವಳು ಬದುಕಿಡೀ ನಡೆಯುತ್ತಾಳೆ, ಬದುಕಿಡೀ ತಮ್ಮನನ್ನು ಹೊಗಳುತ್ತಾಳೆ.

"ಅವತ್ತು ನಾನು ತಿರುಗಿಸಿರ್ಲಿಲ್ಲ ಅಕ್ಕ."

"ಏನನ್ನ?"

"ಸೀಟನ್ನ. ಮ್ಯಾಚ್ ನೋಡ್ತಾ ಕೂತಿದ್ದೆ. ಮರೆತೆ."

"ತಿರುಗಿತ್ತಲ್ಲೋ?"

"ಬೇರೆ ಯಾರೋ ತಿರುಗಿಸಿದ್ರು. ಬ್ರೇಕ್ ಇರ್ಲಿಲ್ಲ ಅದಕ್ಕೆ. ನಿಜವಾಗ್ಲೂ ಇರ್ಲಿಲ್ಲ. ಇವತ್ತು ನಾನೇ ಬಿಚ್ಚಿ ನೋಡ್ದೆ."

ಬಾಚಣಿಗೆ ನಿಂತಿತು. ಅವಳು ಅದನ್ನು ಪಕ್ಕಕ್ಕಿಟ್ಟಳು.

"ಅಂದ್ರೆ ನಂಗೆ ಓಡಿಸೋಕೆ ಬರುತ್ತೆ" ಎಂದಳು.

"ಚೆನ್ನಾಗೇ ಬರುತ್ತೆ."

"ನಿನ್ನೆಯಿಂದ ಬಂದವರಿಗೆಲ್ಲ ನನ್ನನ್ನೇ ನಾನು ಬೈಕೊಂಡೆ. ನೀನು ಟೀ ಕೊಡ್ತಾ ಓಡಾಡ್ದೆ."

"ಬೈಯಿ ಅಕ್ಕ. ಬೈದುಬಿಡು."

"ಬೈಯಲ್ಲ. ಬೈದ್ರೆ ನಿಂಗೆ ಹಗುರ ಆಗುತ್ತೆ." ಅವಳು ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು. "ಯಾರೋ ಪುಣ್ಯಾತ್ಮ, ನಾನು ಯಾರು ಅಂತಾನೂ ಗೊತ್ತಿಲ್ದೆ, ಬೀಳಬೇಡಮ್ಮಾ ಅಂತ ಹೇಳಿ ಹೋಗಿದ್ದ. ನಾನು ಅವನ ಮಾತನ್ನ ನಿನ್ನ ಮಾತು ಅಂದ್ಕೊಂಡೆ. ಕೆಳಗೆ ನಡಿ. ಬ್ರೇಕ್ ನೋಡೋದು ಹೇಗೆ, ತೋರಿಸು."

"ಈ ಕೈ ಇಟ್ಕೊಂಡಾ?"

"ಇನ್ನೊಂದು ಇದೆಯಲ್ಲ."

ಸ್ಟ್ಯಾಂಡಿನ ಹತ್ತಿರ ಅವನು ತೋರಿಸಿದ. ಹಿಡಿ ಒತ್ತಿದರೆ ಅರ್ಧದಲ್ಲೇ ನಿಲ್ಲಬೇಕು, ಹ್ಯಾಂಡಲ್ಲಿಗೆ ತಾಗಿದರೆ ಆ ಸೈಕಲ್ ಬೇಡ. ಅಕ್ಕ ಎಡಗೈಯಿಂದ ಒತ್ತಿದಳು, ಆಚೆ ಬದಿಗೆ ಹೋಗಿ ಅಲ್ಲಿನದನ್ನೂ ಒತ್ತಿದಳು. ಅವನು ಹ್ಯಾಂಡಲ್ ಹಿಡಿದುಕೊಳ್ಳಲು ಹೋದ.

"ಕೈ ತೆಗಿ."

ತೆಗೆದ. ಔಷಧಿ ಅಂಗಡಿಯ ಗೋಡೆಗೆ ಒರಗಿ ನಿಂತ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ, ತೆಗೆದ. ಅವಳು ಒಂದಾದ ಮೇಲೊಂದು ಸೈಕಲ್ಲನ್ನು ನೋಡುತ್ತ ಸಾಲಿನುದ್ದಕ್ಕೂ ನಡೆದಳು. ಸೀಟು ತಿರುಗಿಸಿದ ಒಂದರ ಮುಂದೆ ನಿಂತಳು. ಒತ್ತಿದಳು. ಹಿಡಿ ಅರ್ಧದಲ್ಲೇ ನಿಂತಿತು. ಇನ್ನೊಂದನ್ನೂ ಒತ್ತಿದಳು. ಚೈನು ಮುಟ್ಟಿ ನೋಡಿದಳು, ಚಕ್ರದ ಗಾಳಿ ಒತ್ತಿ ನೋಡಿದಳು.

"ಇದಕ್ಕೇನೂ ಆಗಿಲ್ಲ" ಎಂದಳು. "ಯಾರೋ ಅವರ ಅಕ್ಕನಿಗೆ ಇಟ್ಟಿರಬೇಕು."

ತಮಾಷೆಯ ದನಿಯೇ. ಅವನಿಗೆ ನಗಲಾಗಲಿಲ್ಲ, ಅವಳೂ ನಗಲಿಲ್ಲ.

"ಸೀಟು ಸರಿ ಮಾಡು ಬಾ" ಎಂದಳು. "ಒಂದೇ ಕೈಲಿ ಅದು ನಂಗೆ ಆಗಲ್ಲ."